ಬಣ್ಣದ ಪಾಠ ಬಟ್ಟೆಯಿಂದ ಬಂತು

ಚೆಂದದ ಕೌದಿ ಕಂಡರೆ ‘ಥೇಟ್ ಮಾಡರ್ನ್ ಆರ್ಟ್ ಥರ ಇದೆ’ ಅಂತ ಹೊಗಳುವವರು ಜಾಸ್ತಿ. ಹಿಂದಿನ ಕತೆ ನೋಡಿದರೆ ಈ ಹೊಗಳಿಕೆ ತಿರುಗುಮುರುಗು ಅನ್ನಿಸುತ್ತದೆ. ಅಮೂರ್ತ ಚಿತ್ರಕಲೆ, ಅಂದರೆ ಗುರುತು ಸಿಗುವ ವಸ್ತುಗಳಿಲ್ಲದೆ ಬರೀ ಬಣ್ಣ, ಆಕಾರಗಳಲ್ಲಿ ಮೂಡುವ ಕಲೆ, ತನ್ನ ಒಂದು ದೊಡ್ಡ ಪಾಠ ಕಲಿತಿದ್ದೇ ಬಟ್ಟೆಯಿಂದ.

ಪ್ಯಾರಿಸ್‌ನಲ್ಲಿ ಗೊಬೆಲಿನ್ಸ್ ಎಂಬ ಹಳೆಯ ನೇಯ್ಗೆ ಕಾರ್ಖಾನೆ ಇದೆ. 1824ರಲ್ಲಿ ರಸಾಯನ ವಿಜ್ಞಾನಿ ಮಿಶೆಲ್ ಷೆವ್ರಲ್ ಅಲ್ಲಿ ನೂಲಿಗೆ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥರಾದರು. ಕಪ್ಪು ನೂಲು ಸಾಕಷ್ಟು ಗಾಢವಾಗಿಲ್ಲ ಎಂಬ ದೂರು ಬಂತು. ಪರೀಕ್ಷೆ ಮಾಡಿದರೆ ಬಣ್ಣ ಸರಿಯಾಗಿಯೇ ಇತ್ತು! ಪಕ್ಕದ ನೀಲಿ, ನೇರಳೆ ನೂಲುಗಳಿಂದಾಗಿ ಕಪ್ಪು ಮಂಕಾಗಿ ಕಾಣುತ್ತಿತ್ತು. ಕೆಂಪಿನ ಪಕ್ಕ ಹಸಿರು ಇಟ್ಟರೆ ಎರಡೂ ಎದ್ದು ಕಾಣುತ್ತವೆ. ಅದೇ ಕೆಂಪಿನ ಪಕ್ಕ ಬೂದು ಬಣ್ಣದ ತುಂಡು ಇಡಿ, ಅದಕ್ಕೆ ತುಸು ಹಸಿರು ಛಾಯೆ ಬರುತ್ತದೆ. 1839ರಲ್ಲಿ ಷೆವ್ರಲ್ ಇದನ್ನೆಲ್ಲ ಪುಸ್ತಕವಾಗಿ ತಂದರು. ಮುಂದೆ ಚಿತ್ರಕಾರರು ಅದನ್ನು ಆಸೆಯಿಂದ ಓದಿದರು. ಅವರಲ್ಲಿ ಅಮೂರ್ತ ಚಿತ್ರಗಳನ್ನು ಬರೆದ ರೊಬೇರ್ ಡೆಲೊನೆ ಒಬ್ಬರು.

ಅವರ ಹೆಂಡತಿ ಸೋನಿಯಾ ಡೆಲೊನೆ ಉಕ್ರೇನ್‌ನಲ್ಲಿ ಹುಟ್ಟಿದವರು. 1911ರಲ್ಲಿ ತಮ್ಮ ಕೂಸಿಗೆ ತುಂಡುಬಟ್ಟೆ ಸೇರಿಸಿ ಹೊದಿಕೆ ಹೊಲಿದರು. ಆ ಕಡೆಯ ರೈತರ ಮನೆಗಳಲ್ಲಿ ಹಾಗೆ ಹೊಲಿಯುವುದನ್ನು ಕಂಡಿದ್ದರು. ಹೊಲಿದು ಮುಗಿದಾಗ ಅದು ಅವರಿಗೆ ಕ್ಯೂಬಿಸ್ಟ್ ಚಿತ್ರದ ಹಾಗೆ, ಅಂದರೆ ವಸ್ತುಗಳನ್ನು ಕೋನಕೋನದ ತುಂಡುಗಳಾಗಿ ಒಡೆದು ಬರೆಯುವ ಶೈಲಿಯ ಚಿತ್ರದ ಹಾಗೆ ಕಂಡಿತು. ಆಮೇಲೆ ಗಂಡ ಹೆಂಡತಿ ಇಬ್ಬರೂ ಅದೇ ರೀತಿಯನ್ನು ಚಿತ್ರಗಳಲ್ಲೂ ಪ್ರಯತ್ನಿಸಿದರು.

1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಅಮೆರಿಕದ ಕೌದಿಗಳೆನ್ನಬಹುದಾದ ಹಳೆಯ ಕ್ವಿಲ್ಟ್‌ಗಳನ್ನು ಚಿತ್ರಗಳಂತೆ ಗೋಡೆಗೆ ತೂಗುಹಾಕಿತು. ಜನ ಬೆರಗಾದರು. ಆದರೆ ಬಹುಪಾಲು ಕ್ವಿಲ್ಟ್‌ಗಳನ್ನು ಹೊಲಿದವರ ಹೆಸರೇ ಇರಲಿಲ್ಲ. ಇದು ನನಗೆ ಇವತ್ತಿಗೂ ನೋವಿನ ಸಂಗತಿ. 2002ರಲ್ಲಿ ಅಲಬಾಮಾದ ಜೀಸ್ ಬೆಂಡ್ ಊರಿನ ಕಪ್ಪು ಮಹಿಳೆಯರ ಕ್ವಿಲ್ಟ್‌ಗಳು ಹ್ಯೂಸ್ಟನ್ನಿನಲ್ಲಿ ಪ್ರದರ್ಶನವಾದಾಗ ಹೆಸರುಗಳೂ ಬಂದವು. ಅವರಲ್ಲಿ ಹಲವರು ಹೊಲದಲ್ಲಿ ದುಡಿದು ಸವೆದ ಜೀನ್ಸನ್ನೇ ಕತ್ತರಿಸಿ ಹೊಲಿದವರು. ಮಂಡಿಯ ಜಾಗ ಬಿಸಿಲಿಗೆ ಮಾಸಿದೆ, ಜೇಬು ಬಿಚ್ಚಿದ ಜಾಗ ಮಾತ್ರ ಗಾಢ ನೀಲಿ. ಒಂದೇ ಬಟ್ಟೆಯಲ್ಲಿ ಎಷ್ಟೊಂದು ನೀಲಿ, ಅಲ್ವಾ?

ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೌದಿಗಳೂ ಅಮೆರಿಕದಲ್ಲಿ ಪ್ರದರ್ಶನ ಕಂಡಿವೆ. ಅವರ ಹೊಲಿಗೆ ಮೂಲೆಯಿಂದ ಶುರುವಾಗಿ, ಅಂಚಿನಗುಂಟ ಸುತ್ತುತ್ತಾ ನಡುವಿಗೆ ಬಂದು ಮುಗಿಯುತ್ತದೆ. ಹಾಗಾಗಿ ಪ್ರತಿ ತುಂಡೂ ಆಗಷ್ಟೇ ಹೊಲಿದ ತುಂಡಿನ ಬಣ್ಣಕ್ಕೆ ಹೊಂದಬೇಕು. ಮೂಲೆಗಳಿಗೆ ಮಡಚಿದ ತ್ರಿಕೋನದ ಚಿಂದಿ ಕೂರಿಸುತ್ತಾರೆ, ಅದಕ್ಕೆ ಫೂಲ ಅಂತ ಹೆಸರು. ಫೂಲ ಇಲ್ಲದಿದ್ದರೆ ಕೌದಿ ಮುಗಿದ ಲೆಕ್ಕವೇ ಅಲ್ಲ.