ಎರೆ ಮಣ್ಣಿನ ಮೇಲೆ ಮನೆ ಕೊಳ್ಳುವ ಮುಂಚೆ

ಕಲಬುರಗಿಯಲ್ಲಿ ಮನೆ ತೋರಿಸಲು ನನ್ನನ್ನು ಕರೆದೊಯ್ಯುವವರು ಮೊದಲು ಕೇಳುವುದು ವಾಸ್ತು. ಆಮೇಲೆ ಟೈಲ್ಸ್, ಅಡುಗೆಮನೆಯ ಕಪಾಟು. ಮನೆ ಯಾವ ಮಣ್ಣಿನ ಮೇಲೆ ನಿಂತಿದೆ ಅಂತ ಕೇಳುವವರು ತೀರಾ ಕಡಿಮೆ. ಸಿವಿಲ್ ಎಂಜಿನಿಯರ್ ಆಗಿ ನಾನು ಮೊದಲು ನೋಡುವುದೇ ಅದನ್ನು.

ಇಲ್ಲಿನ ಎಷ್ಟೋ ಬಡಾವಣೆಗಳು ಎದ್ದಿರುವುದು ತೊಗರಿ, ಜೋಳ ಬೆಳೆಯುತ್ತಿದ್ದ ಎರೆ ಹೊಲಗಳಲ್ಲಿ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಹೇಗೆ ಬಾಯಿ ಬಿಟ್ಟಿರುತ್ತದೆ ಅಂತ ನಿಮಗೇ ಗೊತ್ತು. ಮನೆಯ ನಡುವಿನ ಮಣ್ಣಿನ ತೇವ ಅಷ್ಟಾಗಿ ಬದಲಾಗುವುದಿಲ್ಲ. ಹೊರ ಗೋಡೆಯ ಕೆಳಗಿನದು ಮಾತ್ರ ಪ್ರತಿ ವರ್ಷ ಏರಿಳಿಯುತ್ತದೆ. ಪಾಯ ಒಂದು ಕಡೆ ಎದ್ದು ಇನ್ನೊಂದು ಕಡೆ ಕುಸಿದರೆ ಗೋಡೆ ಸೀಳದೆ ಇರುತ್ತದಾ?

ಆ ಸೀಳನ್ನು ಗುರುತಿಸುವುದು ಕಷ್ಟವಲ್ಲ. ಕಿಟಕಿ, ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಡುತ್ತದೆ. ಒಂದು ತುದಿಯಲ್ಲಿ ಅಗಲ, ಇನ್ನೊಂದರಲ್ಲಿ ಕೂದಲೆಳೆಯಷ್ಟು. ಗಿಲಾವ್ (ಪ್ಲಾಸ್ಟರ್) ಮೇಲೆ ಜಾಲದಂತೆ ಹರಡಿದ ಸಣ್ಣ ಗೆರೆಗಳಿಗೆ ಹೆದರಬೇಡಿ, ಅವು ಗಿಲಾವ್ ಒಣಗುವಾಗ ಬಂದವು. ಒಳಗಿನ ಬಿರುಕು ಹೊರಗೂ ಅದೇ ಜಾಗದಲ್ಲಿ ಕಂಡರೆ ಗೋಡೆಯೇ ಒಡೆದಿದೆ ಅಂತ ತಿಳಿಯಿರಿ. ಅಗಲ 5 ಮಿಲಿಮೀಟರ್ ದಾಟಿದ್ದರೆ, ಬಾಗಿಲುಗಳು ಚೌಕಟ್ಟಿಗೆ ಉಜ್ಜುತ್ತಿದ್ದರೆ, ಎಂಜಿನಿಯರ್ ನೋಡದೆ ಮುಂದೆ ಹೋಗಬೇಡಿ. ಒಂದೇ ಕೋಣೆಗೆ, ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಯಾಕೆ ಅಂತ ಕೇಳಿಬಿಡಿ. “ಸಣ್ಣ ಬಿರುಕ್ರೀ ಸಾಹೇಬ್ರ, ಏನೂ ಆಗಂಗಿಲ್ಲ” ಅನ್ನುವ ಉತ್ತರ ಬರುತ್ತದೆ. ಅದನ್ನು ನಂಬುವ ಬದಲು ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ, ಪಕ್ಕದಲ್ಲಿ ತಾರೀಕು ಬರೆದು, ಕೆಲವು ವಾರ ಬಿಟ್ಟು ಮತ್ತೆ ಹೋಗಿ ನೋಡಿ.

ಪಾಯ ಹೇಗೆ ಹಾಕಿದ್ದಾರೆ ಅಂತ ಕಟ್ಟಿಸಿದವರನ್ನೇ ಕೇಳಬೇಕು. ಆಳದವರೆಗೆ ಎರೆಯೇ ಇದ್ದರೆ ಬುಡ ಅಗಲ ಮಾಡಿದ ಪೈಲ್ (ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ಹಾಕುವುದು ಒಳ್ಳೆಯದು. ಅವು ಕನಿಷ್ಠ 3.5 ಮೀಟರ್ ಆಳಕ್ಕೆ ಇಳಿಯಬೇಕು. ಎರೆ ತೆಗೆದು ಮುರುಮ್ (ಗರಸು ಮಣ್ಣು) ತುಂಬಿ ದಮ್ಮಸು ಮಾಡಿ, ಮೇಲೆ ಪ್ಲಿಂತ್ ಬೀಮ್ (ಗೋಡೆಯ ಬುಡದ ಕಾಂಕ್ರೀಟ್ ತೊಲೆ) ಕಟ್ಟಿದವರೂ ಇದ್ದಾರೆ. ಪಾಯದ ಫೋಟೋ ಇದ್ದರೆ ತೋರಿಸಿ ಅನ್ನಿ, ಈಗ ಎಲ್ಲರ ಮೊಬೈಲ್‌ನಲ್ಲೂ ಇರುತ್ತವೆ. ಬೀದರ್ ಪಟ್ಟಣದ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಈ ಕಾಟ ಇಲ್ಲ. ಆದರೆ ಆ ಜಿಲ್ಲೆಯಲ್ಲೂ ಎರೆ ಭೂಮಿ ಇದೆ, ಸೈಟ್ ಎಲ್ಲಿದೆ ಅಂತ ನೋಡಿಕೊಳ್ಳಿ.

ಮನೆ ಸುತ್ತ ಒಂದು ರೌಂಡ್ ಹಾಕಿ. ಗೋಡೆಗೆ ಅಂಟಿ ಕಲ್ಲಿನ ಹಾಸು ಇದೆಯಾ, ಅದು ಹೊರಕ್ಕೆ ಇಳಿಜಾರಾಗಿದೆಯಾ? ಬಚ್ಚಲ ನೀರು ಪಾಯದ ಪಕ್ಕವೇ ಇಂಗುತ್ತಿದ್ದರೆ, ದೊಡ್ಡ ಬೇವಿನ ಮರ ಗೋಡೆಗೆ ಅಂಟಿಕೊಂಡಿದ್ದರೆ, ಆ ಮೂಲೆಯ ಗೋಡೆಯನ್ನು ಎರಡು ಸಲ ನೋಡಿ. ನೀರು ಮಣ್ಣನ್ನು ಉಬ್ಬಿಸುತ್ತದೆ, ಬೇರು ತೇವ ಹೀರಿ ಕುಗ್ಗಿಸುತ್ತದೆ.

ಹಳೇ ಓಣಿಗಳಲ್ಲಿ ಕಬ್ಬಿಣದ ತೊಲೆಗಳ ಮೇಲೆ ಶಹಾಬಾದ್ ಪರ್ಸಿ (ಕಲ್ಲಿನ ಚಪ್ಪಡಿ) ಹಾಸಿದ ಮಾಳಿಗೆ ಮನೆ ಸಿಕ್ಕರೆ, ತೊಲೆ ಗೋಡೆಯೊಳಗೆ ಹೋಗುವ ಜಾಗದಲ್ಲಿ ಟಾರ್ಚ್ ಹಿಡಿದು ನೋಡಿ. ತುಕ್ಕು ಶುರುವಾಗುವುದು ಸಾಮಾನ್ಯವಾಗಿ ಅಲ್ಲೇ. ಪದರ ಪದರವಾಗಿ ಉದುರುತ್ತಿದ್ದರೆ ಆ ತೊಲೆ ಬದಲಿಸಲೇಬೇಕು. ಸ್ಲ್ಯಾಬ್ ಮನೆಯಾದರೆ ಚಾವಣಿಯಲ್ಲಿ ಕಂದು ಕಲೆ, ಉದುರಿದ ಕಾಂಕ್ರೀಟ್, ಇಣುಕುವ ಸರಳು ಹುಡುಕಿ.

ಬೋರ್‌ವೆಲ್ ನೀರನ್ನು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ, ಗಡಸು ನೀರಾದರೆ ಗೀಜರ್, ಪೈಪು ಬೇಗ ಕಟ್ಟಿಕೊಳ್ಳುತ್ತವೆ. ಇಸಿ (ಋಣಭಾರ ಪ್ರಮಾಣಪತ್ರ), ಖಾತಾ, ಎನ್‌ಎ (ಕೃಷಿಯೇತರ ಬಳಕೆಯ) ಆದೇಶ, ಲೇಔಟ್ ಅನುಮತಿಯನ್ನು ವಕೀಲರು ನೋಡಲಿ.

ನೋಡಲು ಯಾವಾಗ ಹೋಗಬೇಕು? ಏಜೆಂಟರು ಸಂಜೆ ತಂಪು ಹೊತ್ತಲ್ಲಿ ಕರೆಯುತ್ತಾರೆ. ನೀವು ಮೇ ತಿಂಗಳ ಮಧ್ಯಾಹ್ನ ಹೋಗಿ. ಮಣ್ಣು ಪೂರ್ತಿ ಒಣಗಿ ಬಿರುಕುಗಳು ಚೆನ್ನಾಗಿ ಬಾಯಿ ತೆರೆದಿರುತ್ತವೆ, ಮೇಲಿನ ಕೋಣೆ ಎಷ್ಟು ಕಾಯುತ್ತದೆ ಅಂತಲೂ ಗೊತ್ತಾಗುತ್ತದೆ. ಜೋರು ಮಳೆಯಾದ ಮಾರನೇ ದಿನ ಇನ್ನೊಮ್ಮೆ ಹೋಗಿ ಮಾಳಿಗೆಯಲ್ಲಿ ನೀರು ನಿಂತಿದೆಯಾ ನೋಡಿ. ಅಷ್ಟು ಕಾಯಲು ಆಗದಿದ್ದರೆ, ಎಂಜಿನಿಯರ್ ವರದಿ ಸರಿಯಿಲ್ಲದಿದ್ದರೆ ಮುಂಗಡ ವಾಪಸ್ ಕೊಡಬೇಕು ಅಂತ ಕರಾರು ಪತ್ರದಲ್ಲಿ ಬರೆಸಿ. ಸೋರುವ ಮಾಳಿಗೆಯ ರಿಪೇರಿ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಬಹುದು. ಪಾಯವೇ ಅಲುಗಾಡುತ್ತಿರುವ ಮನೆಗೆ ಮಾತ್ರ ನಾನು ಎಷ್ಟು ಕಡಿಮೆ ಬೆಲೆಗೂ ಹೂಂ ಅನ್ನುವುದಿಲ್ಲ.