ನೀರಿನ ಪಾಳಿ, ಊರಿನ ಲೆಕ್ಕ

ಕೊಪ್ಪಳ ಕಡೆಯ ಹಳ್ಳಿಗಳಲ್ಲಿ ನಳದ ಮುಂದೆ ರಾತ್ರಿಯೇ ಕೊಡ ಇಟ್ಟು ಹೋಗುತ್ತಾರೆ. ಕೊಡ ಇಲ್ಲದಿದ್ದರೆ ಒಂದು ಕಲ್ಲು. ಬೆಳಿಗ್ಗೆ ನೀರು ಬಿಟ್ಟಾಗ ಆ ಕಲ್ಲಿಗೂ ಪಾಳಿ ಉಂಟು. ಬಾಣಂತಿ ಇರುವ ಮನೆಯ ಕೊಡ ಮಾತ್ರ ಮುಂದಕ್ಕೆ ಸರಿಯುತ್ತದೆ. ‘ಅಕ್ಕಾರ, ನೀವು ಮೊದಲ ತುಂಬಿಕೋರಿ’ ಅಂತ ಜಾಗ ಬಿಡುತ್ತಾರೆ. ಜಗಳವೂ ಆಗುತ್ತದೆ, ಅದನ್ನು ಬಿಡಿಸುವವರೂ ಪಾಳಿಯಲ್ಲಿ ನಿಂತವರೇ.

ನೀರನ್ನು ಊರೇ ಸೇರಿ ನೋಡಿಕೊಳ್ಳುವ ರೂಢಿ ನಮ್ಮಲ್ಲಿ ಹಳೆಯದು. ಕನ್ನಡ ಶಾಸನಗಳಲ್ಲಿ ‘ಬಿತ್ತುವಟ’ ಎಂಬ ಮಾತು ಬರುತ್ತದೆ. ಕೆರೆ ಕಟ್ಟಿ ಕಾಪಾಡುವುದಕ್ಕೆಂದು ಬಿಟ್ಟುಕೊಟ್ಟ ಜಮೀನಿನ ಪಾಲು ಅದು. ಆದರೆ ಹಳೆಯದೆಲ್ಲ ಚೆನ್ನಾಗಿತ್ತು ಅಂತ ನಾನು ಹೇಳಲಾರೆ. ಊರ ಬಾವಿಗೆ ದಲಿತರ ಕೊಡ ಇಳಿಯುತ್ತಿರಲಿಲ್ಲ. ಯಾರಾದರೂ ಸೇದಿ ಮೇಲಿನಿಂದ ಸುರಿಯುವ ತನಕ ಬಿಸಿಲಲ್ಲಿ ಕಾಯಬೇಕಿತ್ತು. ‘ಊರು’ ಅಂದಾಗ ಅವರು ಲೆಕ್ಕಕ್ಕೇ ಇರಲಿಲ್ಲ. ಇನ್ನು ಸರ್ಕಾರದ ಕಡೆ ನೋಡಿದರೆ, 1948ರವರೆಗೆ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅರ್ಜಿ ಕೊಡಬಹುದಿತ್ತು, ಲೆಕ್ಕ ಕೇಳುವ ಹಾಗಿರಲಿಲ್ಲ.

ಆ ಬಾವಿಕಟ್ಟೆಯ ಹಿಡಿತ ಸಡಿಲಿಸಿದ್ದು ಬೋರಿಂಗು. ಕೈಪಂಪಿಗೆ ನಮ್ಮ ಕಡೆ ಈಗಲೂ ಹಾಗೇ ಅನ್ನುತ್ತಾರೆ. ಕೇರಿಯಲ್ಲೇ ಬೋರಿಂಗ್ ಬಿದ್ದ ಮೇಲೆ ಯಾರ ಕೈ ಕಾಯುವುದೂ ಬೇಡವಾಯಿತು. ಇಲ್ಲಿ ಅಬ್ದುಲ್ ನಜೀರ್ ಸಾಬ್ ಅವರನ್ನು ನೆನೆಯಲೇಬೇಕು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದವರು. ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಆದರು. 1983ರ ಜಿಲ್ಲಾ ಪರಿಷತ್, ಮಂಡಲ ಪಂಚಾಯತಿ ಕಾಯ್ದೆಯ ಹಿಂದಿದ್ದವರೂ ಅವರೇ. 1987ರಲ್ಲಿ ಚುನಾವಣೆ ನಡೆದಾಗ ಹೆಣ್ಣುಮಕ್ಕಳಿಗೆ 25% ಸ್ಥಾನ ಮೀಸಲಿತ್ತು. ನೀರು ಕೊಟ್ಟ ಮನುಷ್ಯನೇ, ಆ ನೀರಿನ ಬಗ್ಗೆ ಕೂತು ಮಾತಾಡುವ ಜಾಗವನ್ನೂ ಕೊಟ್ಟರು. ಈ ಎರಡನ್ನು ಅವರು ಬೇರೆ ಮಾಡಿ ನೋಡಲಿಲ್ಲ. ನನಗೆ ಅವರು ದೊಡ್ಡವರಾಗಿ ಕಾಣುವುದು ಅದಕ್ಕೇ.

ಆಮೇಲೆ ಅವು ಬೇರೆಯಾದವು. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಗ್ರಾಮಸಭೆ ಇತ್ತು, ಎಷ್ಟೋ ಊರಲ್ಲಿ ಅದು ಸಹಿ ಹಾಕಿಸುವ ಪುಸ್ತಕವಾಯಿತು. ಪೈಪು, ಟ್ಯಾಂಕು, ಮೋಟಾರು ಟೆಂಡರಿನ ಮಾತಾದವು. ನಾವು ‘ಫಲಾನುಭವಿ’ಗಳಾದೆವು. ಈಗ ಶುದ್ಧ ನೀರಿನ ಘಟಕಕ್ಕೆ ಕಾಯಿನ್ ಹಾಕಿ ಕ್ಯಾನ್ ತುಂಬಿಕೊಂಡು ಬರುತ್ತೇವೆ. ನೀರೇನೋ ಒಳ್ಳೆಯದೇ. ಆದರೆ ಘಟಕ ಕೆಟ್ಟು ನಿಂತರೆ ಸುಮ್ನೆ ಪಕ್ಕದೂರಿಗೆ ಗಾಡಿ ತಿರುಗಿಸುತ್ತೇವೆ, ಅಲ್ವಾ?

2019ರಲ್ಲಿ ಕೊಪ್ಪಳದ ಹಿರೇಹಳ್ಳದಲ್ಲಿ ಬೇರೆಯದೇ ನೋಟ ಕಂಡಿತು. ಹಳ್ಳದ ತುಂಬ ಹೂಳು, ಜಾಲಿ, ಕಸ. ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ತಾವೇ ಹಳ್ಳಕ್ಕಿಳಿದರು. ಹಿಂದೆಯೇ ಜನ ಬಂದರು. ದುಡ್ಡಿದ್ದವರು ದುಡ್ಡು ಕೊಟ್ಟರು, ಉಳಿದವರು ಸಲಿಕೆ ಹಿಡಿದರು. 20 ಕಿಲೋಮೀಟರಿಗೂ ಜಾಸ್ತಿ ಉದ್ದದ ಹಳ್ಳ ಮತ್ತೆ ಹಳ್ಳದಂತೆ ಕಂಡಿತು. ಆದರೂ ದಿನದಿನದ ನಳದ ನೀರಿಗೆ ಸೇವೆಯೊಂದೇ ಸಾಲದು. ಅಲ್ಲಿ ಲೆಕ್ಕ ಬೇಕು, ಕೇಳುವ ಹಕ್ಕು ಬೇಕು.

ಅದೇ ವರ್ಷ ಶುರುವಾದ, ಹಳ್ಳಿಯ ಮನೆಮನೆಗೆ ನಳ ಹಾಕುವ ಕೇಂದ್ರದ ಯೋಜನೆ ಜಲ ಜೀವನ್ ಮಿಷನ್ನಿನಲ್ಲಿ ಆ ಹಕ್ಕಿಗೆ ಒಂದು ಬಾಗಿಲಿದೆ. ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಅದರ ಗುರಿ. ಊರೊಳಗಿನ ಕೆಲಸದ ಖರ್ಚಿನಲ್ಲಿ ಸಾಮಾನ್ಯವಾಗಿ 10% ಊರಿನವರ ವಂತಿಗೆ. ಪರಿಶಿಷ್ಟರು ಅರ್ಧಕ್ಕಿಂತ ಜಾಸ್ತಿ ಇರುವ ಊರಿಗೆ 5%. ಗ್ರಾಮದ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು.

ಒಂದು ಗ್ರಾಮಸಭೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದು ನಿಂತದ್ದನ್ನು ನಾನು ನೋಡಿದ್ದೇನೆ. ಸೆರಗು ಬಿಗಿಯಾಗಿ ಹೊದ್ದಿದ್ದರು. ‘ಸರ, ವಂತಿಗಿ ನಾವೂ ಕೊಟ್ಟೀವಿ. ಈ ವರ್ಷ ಮೋಟರ ಎಷ್ಟ ಸಲ ಸುಟ್ಟೈತಿ? ಬಿಲ್ ಓದ್ರಿ’ ಅಂದರು. ಸಭೆ ಸುಮ್ಮನಾಯಿತು. ಪಿಡಿಓ ರಿಜಿಸ್ಟರ್ ತೆಗೆಸಿದರು. ಓದಿ ಮುಗಿಯುವ ತನಕ ಆಕೆ ಕೂರಲಿಲ್ಲ.