ಗೆಳೆಯರ ಮನೆಯೇ ಚೆಂದ ಅನ್ನಿಸುವ ವಯಸ್ಸು

"ನೀವ್ಯಾಕೆ ಅವಳ ಅಪ್ಪ ಅಮ್ಮನ ಥರ ಇಲ್ಲ?" 13–14ರ ಮಕ್ಕಳ ಬಾಯಲ್ಲಿ ಈ ಮಾತು ಹೊಸದಲ್ಲ. ಮನಶ್ಶಾಸ್ತ್ರದ ಉತ್ತರಪತ್ರಿಕೆಯಲ್ಲಿ ಇದಕ್ಕೆ ಸುಮ್ನೆ 'ಗೆಳೆಯರ ಪ್ರಭಾವ' ಎಂದು ಬರೆದು ಮುಗಿಸುವವರೇ ಜಾಸ್ತಿ. ಅಷ್ಟಕ್ಕೇ ಬಿಡಬೇಡಿ.

ಮಕ್ಕಳ ಯೋಚನೆ ಬೆಳೆಯುವ ಬಗೆ ಅಧ್ಯಯನ ಮಾಡಿದ ಪಿಯಾಜೆ ಪ್ರಕಾರ ಸುಮಾರು 11–12ರಿಂದ ಮಕ್ಕಳು ಕಣ್ಣೆದುರು ಇಲ್ಲದ್ದನ್ನೂ ಊಹಿಸಿ ಯೋಚಿಸತೊಡಗುತ್ತಾರೆ. 'ಹೀಗೂ ಇರಬಹುದಿತ್ತು' ಎಂಬ ಲೆಕ್ಕ ಶುರುವಾದ ಮೇಲೆ ಅಪ್ಪ ಅಮ್ಮನನ್ನು ಅದರಿಂದ ಹೊರಗಿಡಲು ಆಗುತ್ತದಾ?

ಇನ್ನೊಂದು ಎಳೆ ಮನೋವಿಶ್ಲೇಷಕ ಪೀಟರ್ ಬ್ಲಾಸ್ ಅವರದು. ಹದಿಹರೆಯದಲ್ಲಿ ಹೆತ್ತವರಿಂದ ಮನಸ್ಸು ಬಿಡಿಸಿಕೊಳ್ಳುವುದನ್ನು ಅವರು 1967ರಲ್ಲಿ 'ಎರಡನೇ ಬೇರ್ಪಡುವಿಕೆ' ಎಂದು ವಿವರಿಸಿದರು. 1986ರಲ್ಲಿ ಸಂಶೋಧಕರಾದ ಸ್ಟೈನ್‌ಬರ್ಗ್ ಮತ್ತು ಸಿಲ್ವರ್‌ಬರ್ಗ್ ಹದಿಹರೆಯದವರ ಭಾವನಾತ್ಮಕ ಸ್ವಾತಂತ್ರ್ಯವನ್ನು ಅಳೆಯಲು ಹೊರಟಾಗ, 'ಅಪ್ಪ ಅಮ್ಮನೂ ತಪ್ಪು ಮಾಡ್ತಾರೆ' ಎಂದು ಕಾಣತೊಡಗುವುದನ್ನು ಅದರ ನಾಲ್ಕು ಭಾಗಗಳಲ್ಲಿ ಒಂದಾಗಿ ಇಟ್ಟರು. ನಾನು ಎಡವಿದ್ದು ಇಲ್ಲೇ. ಮಗುವಿನ ಕಣ್ಣಲ್ಲಿ ತನ್ನ ಅಪ್ಪ ಅಮ್ಮ ಇಳಿಯುವುದು, ಗೆಳೆಯರ ಮನೆಯವರು ಏರುವುದು ಬೇರೆ ಬೇರೆ ಪಾಠ ಅಂದುಕೊಂಡಿದ್ದೆ. ಈಗ ನನಗೆ ಕಾಣುವುದು ಒಂದೇ ತಕ್ಕಡಿ.

ಒಂದು ಸಂಜೆ ನೋಡಿ. ಗೆಳತಿಯ ಅಮ್ಮ "ಪರೀಕ್ಷೆ ಹೇಗಾಯ್ತು?" ಅಂದರೆ ಹುಡುಗಿ ಸೋಫಾದಲ್ಲಿ ಕೂತು ಅರ್ಧ ಗಂಟೆ ಹರಟುತ್ತಾಳೆ. ತನ್ನ ಮನೆಯಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಅಮ್ಮ ಅದೇ ಪ್ರಶ್ನೆ ಕೇಳಿದರೆ "ಹ್ಞೂಂ, ಆಯ್ತು" ಅಂತ ಬಾಗಿಲು ಹಾಕಿಕೊಳ್ಳುತ್ತಾಳೆ. ಅಲ್ಲಿ ಅಂಕ ಕಡಿಮೆಯಾದರೆ ಬೈಸಿಕೊಳ್ಳುವವಳು ಇವಳಲ್ಲ, ಅಲ್ವಾ? ಬೈಸಿಕೊಳ್ಳಬೇಕಾದ ಗೆಳತಿ ಆಗಲೇ ಮುಖ ಗಂಟಿಕ್ಕಿ ಒಳಗೆ ಹೋಗಿರುತ್ತಾಳೆ. ದೂರದ ಬೆಟ್ಟದ ಗಾದೆ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಇವಳು ಬೆಟ್ಟದ ಮೇಲೇ ಕೂತಿದ್ದಾಳೆ, ನೆಂಟಳಾಗಿ.

ಫ್ರಾಯ್ಡ್ 1909ರಲ್ಲೇ ಇದರ ಹತ್ತಿರದ ವಿಷಯ ಬರೆದಿದ್ದರು. 'ನನ್ನ ನಿಜವಾದ ಅಪ್ಪ ಅಮ್ಮ ಬೇರೆ ಯಾರೋ ದೊಡ್ಡವರು' ಎಂಬ ಮಕ್ಕಳ ಕಲ್ಪನೆ ಅದು. ನನಗೆ ಇಷ್ಟವಾದ ತಿರುವು ಕೊನೆಯಲ್ಲಿದೆ: ಆ ಕಲ್ಪನೆಯ ಅಪ್ಪ ಅಮ್ಮನಿಗೆ ಮಗು ಕೊಡುವುದು ಚಿಕ್ಕಂದಿನಲ್ಲಿ ತನ್ನ ಹೆತ್ತವರಲ್ಲೇ ಕಂಡ ಗುಣಗಳನ್ನು.

ಆದರೆ ಎಲ್ಲವನ್ನೂ ಕಲ್ಪನೆಯ ಖಾತೆಗೆ ಹಾಕಬೇಡಿ. ಹೊಡೆತ, ಅವಮಾನ ಇರುವ ಮನೆಯ ಮಗುವಿಗೆ ಪಕ್ಕದ ಮನೆ ನಿಜವಾಗಿಯೂ ನೆಮ್ಮದಿಯ ಜಾಗ. ಹಾಗಾಗಿ ಒಂದು ಮಗುವಿನ ಪ್ರಕರಣ ಅಧ್ಯಯನ ಬರೆಯುವಾಗ ಅದು ಹೊಗಳುವ ಮಾತನ್ನು ಹಾಗೇ ಬರೆದುಕೊಳ್ಳಿ. "ಅವರು ಬಾಗಿಲು ತಟ್ಟಿ ಒಳಗೆ ಬರ್ತಾರೆ" ಅಂದರೆ ಮಗುವಿಗೆ ತನ್ನದೇ ಒಂದು ಮೂಲೆ ಬೇಕಿರಬಹುದು. "ಅವರ ಮನೇಲಿ ಯಾರೂ ಕೂಗಾಡಲ್ಲ" ಅಂದರೆ, ನಿಮ್ಮ ಮನೇಲಿ ಯಾರು ಕೂಗಾಡ್ತಾರೆ ಅಂತ ಮೆಲ್ಲಗೆ ಕೇಳಿ.